ಸರ್ವಿಸ್ ರನ್ನಿಂಗ್ ಇದೆ, ಕೆಲಸ ನಿಂತಿದೆ: ಟೈಮರ್ ಸಮಸ್ಯೆಯನ್ನು ಎಲ್ಲಿಂದ ಹುಡುಕಬೇಕು

ಮೇ ತಿಂಗಳು, ಬೆಳಗ್ಗೆ 6:40. ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜ್‌ನಿಂದ ಸೂಪರ್‌ವೈಸರ್ ಫೋನ್ ಮಾಡಿದರು. "ಸರ್ವಿಸ್ ಚಾಲೂನೇ ಅದರೀ ಸರ, ರನ್ನಿಂಗ್ ಅಂತನೇ ತೋರಸ್ಲಿಕತ್ತದ. ಆದ್ರ ರಾತ್ರಿಯಿಂದ ಒಂದೂ ರೀಡಿಂಗ್ ಬಂದಿಲ್ರೀ."

ಅಲ್ಲಿ ನಾಲ್ಕು ಚೇಂಬರ್ ಇವೆ. ಒಳಗಿರೋದು ರೈತರ ಒಣದ್ರಾಕ್ಷಿ. ವಿಜಯಪುರದ ಬೇಸಿಗೆ ಗೊತ್ತಲ್ಲ, ಹೊರಗೆ 40 ಡಿಗ್ರಿ ದಾಟಿರುತ್ತದೆ. ಚೇಂಬರ್ ಕಾವೇರಿದರೆ ಹಸಿರು ಮಾಲು ಕಪ್ಪಾಗಲು ಶುರುವಾಗುತ್ತದೆ, ಬಣ್ಣ ಹೋದರೆ ರೇಟು ಹೋಯಿತು. 5 ನಿಮಿಷಕ್ಕೊಮ್ಮೆ ನಾಲ್ಕೂ ಚೇಂಬರಿನ ಟೆಂಪರೇಚರ್ ಓದಿ ಡೇಟಾಬೇಸ್‌ಗೆ ಹಾಕುವ, ಮಿತಿ ದಾಟಿದರೆ ಯಜಮಾನರ ಮೊಬೈಲ್‌ಗೆ ಮೆಸೇಜ್ ಕಳಿಸುವ ವಿಂಡೋಸ್ ಸರ್ವಿಸನ್ನು (ತೆರೆಯ ಮೇಲೆ ಕಾಣದೆ ಹಿಂದೆ ಓಡುತ್ತಲೇ ಇರುವ ಪ್ರೋಗ್ರಾಮ್) ಬರೆದುಕೊಟ್ಟವನು ನಾನು. ಆ ರಾತ್ರಿ ನೂರಕ್ಕೂ ಜಾಸ್ತಿ ರೀಡಿಂಗ್ ತಪ್ಪಿದ್ದವು, ಒಂದು ಮೆಸೇಜೂ ಹೋಗಿರಲಿಲ್ಲ. ಮಾಲಿಗೆ ಏನೂ ಆಗಿರಲಿಲ್ಲ, ಅದು ನಮ್ಮ ಪುಣ್ಯ ಅಷ್ಟೇ.

ಈ ಲೇಖನ ಆ ಥರದ ಸಮಸ್ಯೆಯ ಬಗ್ಗೆ. ಸರ್ವಿಸ್ ಬಿದ್ದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೀಳದೆ, ಹಸಿರು ದೀಪ ತೋರಿಸುತ್ತಾ, ಒಳಗಿನ ಟೈಮರ್ (ಇಷ್ಟು ಹೊತ್ತಿಗೊಮ್ಮೆ ಕೆಲಸ ಶುರು ಮಾಡಿಸುವ ಗಡಿಯಾರ) ಮಾತ್ರ ನಿಂತುಹೋದಾಗ ಏನು ಮಾಡಬೇಕು ಅನ್ನೋದನ್ನು ನಾನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ. ಉದಾಹರಣೆ ಪೂರ್ತಿ ಡಾಟ್‌ನೆಟ್ ಮತ್ತು ಸಿ ಶಾರ್ಪ್‌ನದು. ಬೇರೆ ಭಾಷೆಯಲ್ಲಿ ಬರೆಯುವವರಿಗೂ ಹುಡುಕುವ ದಾರಿ ಇದೇ.

ಮೊದಲು: ರೀಸ್ಟಾರ್ಟ್ ಒತ್ತಬೇಡಿ

ಅವತ್ತು ನಾನು ಮಾಡಿದ ತಪ್ಪು ಇದೇ. ಫೋನಿನಲ್ಲೇ "ರೀಸ್ಟಾರ್ಟ್ ಮಾಡ್ರಿ" ಅಂದೆ. ಮಾಡಿದರು, ರೀಡಿಂಗ್ ಬರಲು ಶುರುವಾಯಿತು. ಆದರೆ ಒಳಗೆ ಯಾವ ಥ್ರೆಡ್ (ಪ್ರೋಗ್ರಾಮಿನೊಳಗೆ ಕೆಲಸ ಓಡಿಸುವ ಒಂದು ಎಳೆ) ಎಲ್ಲಿ ಸಿಕ್ಕಿಕೊಂಡಿತ್ತು ಅನ್ನುವ ಸಾಕ್ಷಿ ಅದರ ಜೊತೆಗೇ ಅಳಿಸಿಹೋಯಿತು. ಸಮಸ್ಯೆ ಮತ್ತೆ ಬರುವವರೆಗೆ ಕಾಯಬೇಕಾಯಿತು, ಅದೂ 11 ದಿನ.

ಎರಡೇ ನಿಮಿಷದ ಕೆಲಸ ಇದು. ಟಾಸ್ಕ್ ಮ್ಯಾನೇಜರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆಯಿರಿ, ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ನಿಮ್ಮ ಸರ್ವಿಸಿನ ಪ್ರೋಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡಂಪ್ ಫೈಲ್ ಮಾಡುವ ಆಯ್ಕೆ ಒತ್ತಿ. ಆ ಕ್ಷಣದಲ್ಲಿ ಪ್ರೋಸೆಸ್ ಒಳಗೆ ಏನಿತ್ತೋ ಅದರ ಫೋಟೋ ಅದು. ನಿಮ್ಮ ಸರ್ವಿಸ್ 32 ಬಿಟ್ ಆಗಿದ್ದು ವಿಂಡೋಸ್ 64 ಬಿಟ್ ಆಗಿದ್ದರೆ, ವಿಂಡೋಸ್ ಫೋಲ್ಡರಿನ ಸಿಸ್‌ವೌ64 ಒಳಗಿರುವ ಟಾಸ್ಕ್ ಮ್ಯಾನೇಜರ್‌ನಿಂದಲೇ ಡಂಪ್ ತೆಗೆಯಿರಿ, ಇಲ್ಲದಿದ್ದರೆ ಓದಲು ತೊಂದರೆಯಾಗುತ್ತದೆ. ಡಂಪ್ ಸೇವ್ ಆದ ಮೇಲೆ ಬೇಕಾದರೆ ರೀಸ್ಟಾರ್ಟ್ ಮಾಡಿ. ಚೇಂಬರ್ ಬಿಸಿಯಾಗುತ್ತಿರುವಾಗ ಜಾಸ್ತಿ ಹೊತ್ತು ಕಾಯಿಸಲು ಆಗುವುದಿಲ್ಲ, ಅದು ನಿಜ. ಈ ಎರಡು ನಿಮಿಷ ಮಾತ್ರ ಬಿಡಬೇಡಿ.

ಜೊತೆಗೆ ಈವೆಂಟ್ ವ್ಯೂವರ್ ಒಮ್ಮೆ ನೋಡಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಮತ್ತು ಅಪ್ಲಿಕೇಶನ್ ಅಂತ ಎರಡು ಇವೆ. ಸಿಸ್ಟಮ್‌ನಲ್ಲಿ ಈವೆಂಟ್ ನಂಬರ್ 7034 ಅಥವಾ 7031 ಕಂಡರೆ ಸರ್ವಿಸ್ ಇದ್ದಕ್ಕಿದ್ದ ಹಾಗೆ ಬಿದ್ದಿತ್ತು ಅಂತ ಅರ್ಥ. 7031 ಆದರೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಲು ನೋಡಿದೆ. 7009 ಮತ್ತು 7000 ಜೊತೆಯಾಗಿ ಬಂದಿದ್ದರೆ ಶುರುವಾಗಲು ಕೊಟ್ಟ 30 ಸೆಕೆಂಡಿನಲ್ಲಿ ಅದು ಶುರುವಾಗಿಲ್ಲ. ತೆರೆಯ ಮೇಲೆ ಬರುವ 1053 ಎರರ್ ಇದೇ. ತೆರೆಯ ಮೇಲೆ 1069 ಎರರ್ ಬಂದರೆ ಸರ್ವಿಸ್ ಯಾವ ಅಕೌಂಟಿನಲ್ಲಿ ಓಡುತ್ತದೋ ಅದರ ಪಾಸ್‌ವರ್ಡ್ ನೋಡಿ, ಯಾರೋ ಬದಲಿಸಿರಬಹುದು. ಅಪ್ಲಿಕೇಶನ್ ಲಾಗ್‌ನಲ್ಲಿ ಡಾಟ್‌ನೆಟ್ ರನ್‌ಟೈಮ್ ಬರೆದ 1026 ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ, ಪೂರ್ತಿ ಸ್ಟ್ಯಾಕ್ ಟ್ರೇಸ್ (ಯಾವ ಮೆಥಡ್ ಯಾವುದನ್ನು ಕರೆದು ಎಲ್ಲಿ ಬಿದ್ದಿತು ಅನ್ನುವ ಪಟ್ಟಿ) ಅಲ್ಲೇ ಇರುತ್ತದೆ. ನಮ್ಮ ಕೇಸಿನಲ್ಲಿ ಇವು ಯಾವುದೂ ಇರಲಿಲ್ಲ. ವಿಂಡೋಸ್ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು.

ಎರಡನೆಯದು: ಟಿಕ್ ಬರುತ್ತಿದೆಯೋ ಇಲ್ಲವೋ, ಅದನ್ನು ಮೊದಲು ತಿಳಿದುಕೊಳ್ಳಿ

ಟೈಮರ್ ಒಮ್ಮೆ ಹೊಡೆಯುವುದಕ್ಕೆ ಟಿಕ್ ಅನ್ನುತ್ತೇನೆ. ಬಹಳ ಜನ ಕೆಲಸ ಆದ ಮೇಲೆ ಮಾತ್ರ ಲಾಗ್ ಬರೆಯುತ್ತಾರೆ. ನಾನೂ ಹಾಗೇ ಬರೆದಿದ್ದೆ. ಅದರಿಂದ ಏನಾಗುತ್ತದೆ ಅಂದರೆ, ಲಾಗ್ ನಿಂತಾಗ ಟಿಕ್ ಬರಲೇ ಇಲ್ಲವೋ, ಬಂದು ಮಧ್ಯದಲ್ಲಿ ಸಿಕ್ಕಿಕೊಂಡಿತೋ, ಎರರ್ ಆಗಿ ಸುಮ್ನೆ ವಾಪಸ್ ಹೋಯಿತೋ ಯಾವುದೂ ಗೊತ್ತಾಗುವುದಿಲ್ಲ. ಮೂರಕ್ಕೂ ಔಷಧಿ ಬೇರೆ ಬೇರೆ.

ಹಾಗಾಗಿ ಹ್ಯಾಂಡ್ಲರಿನ (ಟಿಕ್ ಬಂದಾಗ ಓಡುವ ಕೋಡ್) ಮೊದಲನೇ ಸಾಲಿನಲ್ಲೇ "ಶುರು" ಅಂತ ಬರೆಯಿರಿ. ಕೊನೆ ಸಾಲಿನಲ್ಲಿ "ಮುಗಿತು" ಅಂತ, ಜೊತೆಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ. ಎರರ್ ಆದರೆ ಪೂರ್ತಿ ಎರರ್. ನಾನು ಹೀಗೆ ಬದಲಿಸಿ ಹೋದ ಮೇಲೆ, 11ನೇ ದಿನದ ರಾತ್ರಿ ಸಿಕ್ಕ ಲಾಗ್ ಹೀಗಿತ್ತು:

21:30:41 ಶುರು
21:30:43 ಮುಗಿತು, 4 ಚೇಂಬರ್, 2 ಸೆಕೆಂಡ್
21:35:43 ಶುರು

ಅಷ್ಟೇ. ಆಮೇಲೆ ಬೆಳಗಿನವರೆಗೆ ಒಂದು ಸಾಲೂ ಇಲ್ಲ. ಟಿಕ್ ಬಂದಿದೆ, ಒಳಗೆ ಹೋಗಿದೆ, ಹೊರಗೆ ಬಂದಿಲ್ಲ. ಎರರ್ ಕೂಡ ಇಲ್ಲ. ಈ ಮೂರು ಸಾಲು ಹುಡುಕುವ ಜಾಗವನ್ನು ಅರ್ಧಕ್ಕಿಂತ ಕಡಿಮೆ ಮಾಡಿದವು.

ಲಾಗ್ ಫೈಲಿನ ಪಾತ್ ಪೂರ್ತಿಯಾಗಿ ಕೊಡಿ. ಬರೀ ಫೈಲ್ ಹೆಸರು ಕೊಟ್ಟರೆ ಅದು ನಿಮ್ಮ ಪ್ರೋಗ್ರಾಮ್ ಫೋಲ್ಡರಿನಲ್ಲಿ ಬರುವುದಿಲ್ಲ, ಯಾಕೆಂದರೆ ವಿಂಡೋಸ್ ಸರ್ವಿಸ್ ಶುರುವಾಗುವ ಫೋಲ್ಡರ್ ಸಿಸ್ಟಮ್32. ಲಾಗೇ ಬರುತ್ತಿಲ್ಲ ಅಂತ ಒದ್ದಾಡುವವರಲ್ಲಿ ಎಷ್ಟೋ ಜನರ ಫೈಲ್ ಅಲ್ಲಿ ಹೋಗಿ ಕೂತಿರುತ್ತದೆ, ಇಲ್ಲವೇ ಬರೆಯಲು ಪರ್ಮಿಷನ್ ಇಲ್ಲದೆ ಎರರ್ ಆಗಿರುತ್ತದೆ. ಪ್ರೋಗ್ರಾಮ್‌ಡೇಟಾ ಫೋಲ್ಡರಿನಲ್ಲಿ ನಿಮ್ಮದೊಂದು ಜಾಗ ಮಾಡಿಕೊಳ್ಳಿ.

"ಶುರು" ಅನ್ನೋದೇ ಬರುತ್ತಿಲ್ಲ ಅಂದರೆ

ಆಗ ಮೊದಲು ಕೇಳಬೇಕಾದ್ದು, ಯಾವ ಟೈಮರ್ ಹಾಕಿದ್ದೀರಿ? ಡಾಟ್‌ನೆಟ್‌ನಲ್ಲಿ ಟೈಮರ್ ಅನ್ನುವ ಹೆಸರಿನವೇ ಹಲವು ಇವೆ, ತಪ್ಪಿ ಬೇರೆಯದನ್ನು ಆರಿಸಿಕೊಳ್ಳೋದು ಸುಲಭ.

ವಿಂಡೋಸ್ ಫಾರ್ಮ್ಸ್‌ನ ಟೈಮರ್ ಹಾಕಿದ್ದರೆ ಅಲ್ಲೇ ನಿಲ್ಲಿಸಿ, ಅದು ಸರ್ವಿಸ್‌ನಲ್ಲಿ ಹೊಡೆಯುವುದಿಲ್ಲ. ಅದಕ್ಕೆ ವಿಂಡೋದ ಮೆಸೇಜ್ ಲೂಪ್ ಬೇಕು, ಸರ್ವಿಸ್‌ಗೆ ಅದು ಇರುವುದಿಲ್ಲ. ಎರರ್ ಕೂಡ ತೋರಿಸುವುದಿಲ್ಲ, ಸುಮ್ನೆ ಕೂತಿರುತ್ತದೆ. ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಮಿನ ಕೋಡ್ ಎತ್ತಿ ಸರ್ವಿಸ್‌ಗೆ ಹಾಕಿದಾಗ ಇದು ಜಾಸ್ತಿ ಆಗುತ್ತದೆ.

ಸಿಸ್ಟಮ್ ಟೈಮರ್ಸ್ ಟೈಮರ್ ಆದರೆ ಎರಡು ಮೂರು ವಿಷಯ ನೋಡಿ. ಇಂಟರ್ವಲ್ ಮಿಲಿಸೆಕೆಂಡಿನಲ್ಲಿ ಇರುತ್ತದೆ. 5 ನಿಮಿಷ ಅಂದರೆ 300000. ಒಂದು ಸೊನ್ನೆ ಜಾಸ್ತಿ ಬಿದ್ದರೆ 50 ನಿಮಿಷಕ್ಕೊಮ್ಮೆ ಆಗುತ್ತದೆ, ನೀವು ಟೈಮರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಸ್ಟಾರ್ಟ್ ಕರೆದಿದ್ದೀರಾ ನೋಡಿ. ಆಟೋರೀಸೆಟ್ ಫಾಲ್ಸ್ ಇದ್ದರೆ ಒಂದೇ ಸಲ ಹೊಡೆದು ನಿಲ್ಲುತ್ತದೆ, ಮತ್ತೆ ನೀವೇ ಶುರು ಮಾಡಬೇಕು. ಇನ್ನೊಂದು, ಸ್ಟಾರ್ಟ್ ಮಾಡಿದ ತಕ್ಷಣ ಮೊದಲ ಟಿಕ್ ಬರುವುದಿಲ್ಲ, ಪೂರ್ತಿ ಒಂದು ಇಂಟರ್ವಲ್ ಕಳೆದ ಮೇಲೆ ಬರುತ್ತದೆ. ಗಂಟೆಗೊಮ್ಮೆ ಓಡುವ ಸರ್ವಿಸ್ ಆದರೆ ಮೊದಲ ಒಂದು ಗಂಟೆ ಏನೂ ಆಗದಿರುವುದು ಸರಿಯೇ. ಶುರುವಾದ ಕೂಡಲೇ ಒಮ್ಮೆ ಓಡಬೇಕಾದರೆ ಬೇರೆ ಥ್ರೆಡ್‌ನಲ್ಲಿ ನೀವೇ ಓಡಿಸಿ. ಸರ್ವಿಸ್ ಶುರುವಾಗುವಾಗ ಓಡುವ ಆನ್‌ಸ್ಟಾರ್ಟ್ ಮೆಥಡ್ ಒಳಗೇ ಓಡಿಸಿ ಅದು 30 ಸೆಕೆಂಡ್ ದಾಟಿದರೆ 1053 ಬರುತ್ತದೆ.

ಸಿಸ್ಟಮ್ ಥ್ರೆಡಿಂಗ್ ಟೈಮರ್ ಆದರೆ ಅದನ್ನು ಎಲ್ಲಿ ಇಟ್ಟಿದ್ದೀರಿ ನೋಡಿ. ಆನ್‌ಸ್ಟಾರ್ಟ್ ಒಳಗೆ ಲೋಕಲ್ ವೇರಿಯಬಲ್ ಆಗಿ ಇಟ್ಟಿದ್ದರೆ, ಆ ಮೆಥಡ್ ಮುಗಿದ ಮೇಲೆ ಅದನ್ನು ಹಿಡಿದುಕೊಂಡವರು ಯಾರೂ ಇಲ್ಲ. ಯಾರೂ ಬಳಸದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಬಂದಾಗ ಟೈಮರನ್ನೇ ಎತ್ತಿಕೊಂಡು ಹೋಗುತ್ತದೆ. ಕೆಲವು ಟಿಕ್ ಬರುತ್ತವೆ, ಆಮೇಲೆ ಯಾವಾಗಲೋ ನಿಲ್ಲುತ್ತದೆ, ನಿಲ್ಲುವ ಹೊತ್ತು ಪ್ರತಿ ಸಲ ಬೇರೆ. ಹೀಗೆ ಲೆಕ್ಕಕ್ಕೆ ಸಿಗದೆ ನಿಲ್ಲುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಟೈಮರನ್ನು ಕ್ಲಾಸಿನ ಫೀಲ್ಡ್ ಆಗಿ ಇಡಿ, ಮುಗಿಯಿತು.

"ಶುರು" ಇದೆ, "ಮುಗಿತು" ಇಲ್ಲ

ನಮ್ಮ ಸಮಸ್ಯೆ ಇದ್ದದ್ದು ಇಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸೀರಿಯಲ್ ಪೋರ್ಟ್ (ಯಂತ್ರಗಳ ಕೇಬಲ್ ಹಾಕುವ ಕಂಪ್ಯೂಟರಿನ ಕಿಂಡಿ), ತೂಕದ ಕಾಟಾ, ಮೀಟರ್, ಕಂಟ್ರೋಲರ್ ಇಂಥವುಗಳ ಜೊತೆ ಮಾತಾಡುವ ಸರ್ವಿಸ್ ಬರೆಯುವ ಯಾರಿಗಾದರೂ ಇದು ಬಂದೇ ಬರುತ್ತದೆ.

ಎರಡನೇ ಸಲ ರಾತ್ರಿ ನಿಂತಾಗ ನಾನು ಹೇಳಿದ ಹಾಗೆ ಸೂಪರ್‌ವೈಸರ್ ಮೊದಲು ಡಂಪ್ ತೆಗೆದಿಟ್ಟಿದ್ದರು. ಅದನ್ನು ವಿಷುಯಲ್ ಸ್ಟುಡಿಯೋದಲ್ಲಿ ತೆರೆದು, ಥ್ರೆಡ್‌ಗಳ ಸ್ಟ್ಯಾಕ್ ನೋಡಿದೆ. ನನ್ನ ಟಿಕ್ ಹ್ಯಾಂಡ್ಲರ್, ಅದರ ಮೇಲೆ ಚೇಂಬರ್ ಓದುವ ಮೆಥಡ್, ಅದರ ಮೇಲೆ ಸೀರಿಯಲ್ ಪೋರ್ಟಿನ ರೀಡ್. ಅಲ್ಲೇ ನಿಂತಿತ್ತು. ಚೇಂಬರಿನ ಟೆಂಪರೇಚರ್ ಹೇಳುವ ಕಂಟ್ರೋಲರ್‌ನಿಂದ ಉತ್ತರ ಬರುತ್ತದೆ ಅಂತ ಕಾಯುತ್ತಾ ಬೆಳಗಿನವರೆಗೆ ಕೂತಿತ್ತು.

ಯಾಕೆ ಬರಲಿಲ್ಲ? ಅದರ ಉತ್ತರ ಕಂಪ್ಯೂಟರಿನಲ್ಲಿ ಇರಲಿಲ್ಲ. ಜನರೇಟರ್ ರೂಮಿನ ಗೋಡೆಗೆ ದಾರ ಕಟ್ಟಿ ನೇತುಹಾಕಿದ ಒಂದು ನೋಟ್‌ಬುಕ್ ಇದೆ. ಕರೆಂಟ್ ಹೋದ ಟೈಮ್, ಜನರೇಟರ್ ಹಚ್ಚಿದ ಟೈಮ್, ಎಷ್ಟು ಲೀಟರ್ ಡೀಸೆಲ್ ಹಾಕಿದರು ಅಂತ ಅದರಲ್ಲಿ ಬರೆಯುತ್ತಾರೆ. ಆ ರಾತ್ರಿಯ ಸಾಲು: ಲೈಟ್ ಹೋಗಿದ್ದು 9:33, ಡಿಜಿ (ಜನರೇಟರ್) ಚಾಲೂ 9:36. ನನ್ನ ಲಾಗ್‌ನಲ್ಲಿ ಕೊನೆಯ "ಶುರು" 21:35:43. ಕಂಪ್ಯೂಟರ್ ಯುಪಿಎಸ್ ಮೇಲಿತ್ತು, ಕಂಟ್ರೋಲರ್ ಇರಲಿಲ್ಲ. ಆ ಮೂರು ನಿಮಿಷದ ಕತ್ತಲೆಯಲ್ಲಿ ನನ್ನ ಸರ್ವಿಸ್ ಸತ್ತ ಕಂಟ್ರೋಲರಿಗೆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತಿತು. ಪುಟ ತಿರುವಿ 11 ದಿನ ಹಿಂದಿನ ಸಾಲು ನೋಡಿದೆವು. ಅವತ್ತೂ ರೀಡಿಂಗ್ ನಿಂತ ಹೊತ್ತಿಗೇ ಲೈಟ್ ಹೋಗಿತ್ತು.

ಮಧ್ಯದಲ್ಲಿ ಎಷ್ಟೋ ಸಲ ಕರೆಂಟ್ ಹೋಗಿತ್ತು, ಆಗೆಲ್ಲ ಏನೂ ಆಗಿರಲಿಲ್ಲ. ಓದುವುದು 5 ನಿಮಿಷದಲ್ಲಿ ಎರಡೇ ಸೆಕೆಂಡ್, ಕತ್ತಲೆ ಇರುವ ಒಂದೆರಡು ನಿಮಿಷದಲ್ಲಿ ಟಿಕ್ ಬಂದರೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಈ ಥರದ ತಪ್ಪು ಆಫೀಸಿನಲ್ಲಿ ಟೆಸ್ಟ್ ಮಾಡುವಾಗ ಕೈಗೆ ಸಿಗುವುದಿಲ್ಲ.

ಇನ್ನು ಕೋಡಿನ ತಪ್ಪು. ಡಾಟ್‌ನೆಟ್‌ನ ಸೀರಿಯಲ್ ಪೋರ್ಟ್ ಕ್ಲಾಸಿನಲ್ಲಿ ರೀಡ್ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ನೀವು ಹಾಕದಿದ್ದರೆ ಅದು ಕೊನೆಯೇ ಇಲ್ಲದೆ ಕಾಯುತ್ತದೆ. ರೈಟ್ ಟೈಮ್‌ಔಟ್ ಕೂಡ ಹಾಗೇ. ನಾನು ಹಾಕಿರಲಿಲ್ಲ. ಅದರ ಜೊತೆ, ಒಂದರ ಮೇಲೊಂದು ಟಿಕ್ ಬೀಳಬಾರದು ಅಂತ ಆಟೋರೀಸೆಟ್ ಫಾಲ್ಸ್ ಮಾಡಿ, ಹ್ಯಾಂಡ್ಲರಿನ ಕೊನೆ ಸಾಲಿನಲ್ಲಿ ಮತ್ತೆ ಸ್ಟಾರ್ಟ್ ಮಾಡುತ್ತಿದ್ದೆ. ಕೊನೆ ಸಾಲು ಮುಟ್ಟಲೇ ಇಲ್ಲ, ಹಾಗಾಗಿ ಟೈಮರ್ ಮತ್ತೆ ಶುರುವಾಗಲೇ ಇಲ್ಲ. ಸರ್ವಿಸ್ ಮಾತ್ರ ರನ್ನಿಂಗ್.

ಸರಿ ಮಾಡಿದ್ದು ಹೀಗೆ. ಎರಡೂ ಟೈಮ್‌ಔಟ್ 3000 ಮಿಲಿಸೆಕೆಂಡ್. ಪ್ರತಿ ಟಿಕ್‌ಗೂ ಪೋರ್ಟ್ ಹೊಸದಾಗಿ ತೆರೆದು ಓದಿ ಮುಚ್ಚುವುದು. ಉತ್ತರ ಬರದಿದ್ದರೆ ಆ ಚೇಂಬರಿನ ಹೆಸರಿನಲ್ಲಿ "ಉತ್ತರ ಇಲ್ಲ" ಅಂತಲೇ ಒಂದು ಸಾಲು ಡೇಟಾಬೇಸ್‌ಗೆ ಹೋಗುತ್ತದೆ, ಖಾಲಿ ಬಿಡುವುದಿಲ್ಲ. ಸತತ ಮೂರು ಸಲ ಹಾಗಾದರೆ ಯಜಮಾನರಿಗೆ ಮೆಸೇಜ್. ಮತ್ತೆ ಟೈಮರ್ ಸ್ಟಾರ್ಟ್ ಮಾಡುವ ಸಾಲು, ಎರರ್ ಆದರೂ ತಪ್ಪದೆ ಓಡುವ ಫೈನಲಿ ಬ್ಲಾಕ್ ಒಳಗೆ ಹೋಯಿತು. ಕಂಟ್ರೋಲರನ್ನೂ ಯುಪಿಎಸ್‌ಗೆ ಹಾಕಿಸಿದೆವು. ಕೋಡ್ ಸರಿ ಮಾಡದೆ ಬರೀ ಯುಪಿಎಸ್ ಹಾಕಿಸಿದ್ದರೆ ಕೇಬಲ್ ಕಿತ್ತು ಬಂದ ದಿನ ಮತ್ತೆ ಅದೇ ಕಥೆಯಾಗುತ್ತಿತ್ತು.

ನಿಮ್ಮಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿರಬಹುದು. ಆದರೂ ಹ್ಯಾಂಡ್ಲರ್ ಒಳಗೆ ಹೊರಗಿನವರಿಗಾಗಿ ಕಾಯುವ ಪ್ರತಿ ಜಾಗವನ್ನೂ ಪಟ್ಟಿ ಮಾಡಿ, ಎಷ್ಟು ಹೊತ್ತು ಕಾಯುತ್ತದೆ ಅಂತ ಬರೆದುಕೊಳ್ಳಿ. ಎಚ್‌ಟಿಟಿಪಿ ಕ್ಲೈಂಟ್ ನೀವು ಏನೂ ಹೇಳದಿದ್ದರೆ 100 ಸೆಕೆಂಡ್ ಕಾಯುತ್ತದೆ. ಎಸ್‌ಕ್ಯೂಎಲ್ ಸರ್ವರಿಗೆ ಕಳಿಸುವ ಕಮಾಂಡ್ 30 ಸೆಕೆಂಡ್. ಒಂದು ನಿಮಿಷದ ಟೈಮರಿನಲ್ಲಿ 100 ಸೆಕೆಂಡ್ ಕಾಯುವ ಕೆಲಸ ಇದ್ದರೆ ಲೆಕ್ಕ ಕೂಡುವುದಿಲ್ಲ ಅಲ್ವಾ.

ಇನ್ನೊಂದು ಜಾಗ ಮೆಸೇಜ್ ಬಾಕ್ಸ್. ಡೆಸ್ಕ್‌ಟಾಪ್ ಕೋಡಿನಿಂದ ಉಳಿದ ಒಂದು ಮೆಸೇಜ್ ಬಾಕ್ಸ್ ಸರ್ವಿಸ್ ಒಳಗೆ ಬಂದರೆ, ಅದು ಯಾರಿಗೂ ಕಾಣದ ತೆರೆಯ ಮೇಲೆ ಓಕೆ ಒತ್ತುವವರಿಗಾಗಿ ಕಾಯುತ್ತದೆ. ವಿಸ್ಟಾದಿಂದ ಈಚೆಗೆ ಸರ್ವಿಸ್‌ಗಳು ಸೆಷನ್ 0ಯಲ್ಲಿ ಓಡುತ್ತವೆ, ನಿಮ್ಮ ಡೆಸ್ಕ್‌ಟಾಪಿಗೂ ಅದಕ್ಕೂ ಸಂಬಂಧ ಇಲ್ಲ. ಕೋಡಿನಲ್ಲಿ ಹುಡುಕಿ ತೆಗೆದುಹಾಕಿ.

ಎರರ್ ಆಗಿದೆ, ಆದರೆ ಯಾರಿಗೂ ಹೇಳಿಲ್ಲ

ಸಿಸ್ಟಮ್ ಟೈಮರ್ಸ್ ಟೈಮರಿನ ಒಂದು ಗುಣ ಎಲ್ಲರಿಗೂ ಗೊತ್ತಿರಬೇಕು. ಅದರ ಹ್ಯಾಂಡ್ಲರ್‌ನಲ್ಲಿ ಎಕ್ಸೆಪ್ಶನ್ (ಕೋಡ್ ಓಡುವಾಗ ಏಳುವ ಎರರ್) ಆದರೆ ಅದು ನುಂಗಿಬಿಡುತ್ತದೆ. ಸರ್ವಿಸ್ ಬೀಳುವುದಿಲ್ಲ, ಈವೆಂಟ್ ಲಾಗ್‌ಗೂ ಹೋಗುವುದಿಲ್ಲ. ಟಿಕ್ ಬರುತ್ತಲೇ ಇರುತ್ತದೆ, ಪ್ರತಿ ಟಿಕ್ ಅದೇ ಜಾಗದಲ್ಲಿ ಸತ್ತು ವಾಪಸ್ ಹೋಗುತ್ತದೆ. ಥ್ರೆಡಿಂಗ್ ಟೈಮರ್ ಇದಕ್ಕೆ ಪೂರ್ತಿ ಉಲ್ಟಾ, ಹಿಡಿಯದ ಎಕ್ಸೆಪ್ಶನ್ ಬಂದರೆ ಇಡೀ ಪ್ರೋಸೆಸ್ ಬೀಳುತ್ತದೆ. ಹ್ಯಾಂಡ್ಲರನ್ನು ಅಸಿಂಕ್ ವಾಯ್ಡ್ (ಅವೇಟ್ ಮಾಡಿ ಕಾಯಬಲ್ಲ, ಏನನ್ನೂ ವಾಪಸ್ ಕೊಡದ ಮೆಥಡ್) ಮಾಡಿದ್ದರೆ, ಅವೇಟ್ ಆದ ಮೇಲೆ ಬಂದ ಎಕ್ಸೆಪ್ಶನ್ ಸಿಸ್ಟಮ್ ಟೈಮರ್ಸ್ ಟೈಮರಿನಲ್ಲೂ ಪ್ರೋಸೆಸ್ ಬೀಳಿಸುತ್ತದೆ. ಯಾವುದೇ ಇರಲಿ, ಹ್ಯಾಂಡ್ಲರ್ ಪೂರ್ತಿ ಒಂದು ಟ್ರೈ ಕ್ಯಾಚ್ ಒಳಗೆ ಇರಬೇಕು, ಕ್ಯಾಚ್‌ನಲ್ಲಿ ಲಾಗ್ ಬರೆಯಬೇಕು. ಖಾಲಿ ಕ್ಯಾಚ್ ಬಿಟ್ಟವರ ಸರ್ವಿಸ್ ಸರಿ ಮಾಡಲು ಹೋದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ರಾತ್ರಿ ಫೋನ್ ಎತ್ತುವ ಮನುಷ್ಯನ ಕೈಯಲ್ಲಿ ಒಂದು ಸುಳಿವೂ ಇರುವುದಿಲ್ಲ.

ಹೊಸ ಬ್ಯಾಕ್‌ಗ್ರೌಂಡ್ ಸರ್ವಿಸ್ ಕ್ಲಾಸ್ ಬಳಸುವವರು ಇದನ್ನು ಗಮನಿಸಿ. ಡಾಟ್‌ನೆಟ್ 6ಕ್ಕಿಂತ ಮುಂಚೆ ಅದರ ಒಳಗಿನ ಎಕ್ಸೆಪ್ಶನ್ ಸದ್ದಿಲ್ಲದೆ ಹೋಗುತ್ತಿತ್ತು, ಹೋಸ್ಟ್ (ಆ ಕ್ಲಾಸನ್ನು ಓಡಿಸುವ ಪ್ರೋಗ್ರಾಮ್) ಓಡುತ್ತಲೇ ಇರುತ್ತಿತ್ತು. 6ರಿಂದ ಎಕ್ಸೆಪ್ಶನ್ ಲಾಗ್ ಆಗಿ ಹೋಸ್ಟ್ ನಿಲ್ಲುತ್ತದೆ. ಆದರೆ ಅದು ಸಮಾಧಾನವಾಗಿ ನಿಂತಿದ್ದರಿಂದ, ಇದು ಫೇಲ್ ಆಗಿದೆ ಅಂತ ವಿಂಡೋಸ್‌ಗೆ ಅನ್ನಿಸದೆ ರಿಕವರಿ ಓಡದೇ ಇರಬಹುದು. ಕ್ಯಾಚ್ ಒಳಗೆ ಲಾಗ್ ಬರೆದು ಎಕ್ಸಿಟ್ ಕೋಡ್ 1 ಕೊಟ್ಟು ಹೊರಬಂದರೆ ವಿಂಡೋಸ್ ಮತ್ತೆ ಎಬ್ಬಿಸುತ್ತದೆ. ಅದಕ್ಕೆ ಸರ್ವಿಸಿನ ಪ್ರಾಪರ್ಟೀಸ್‌ನಲ್ಲಿ ರಿಕವರಿ ಟ್ಯಾಬ್‌ಗೆ ಹೋಗಿ ಮೂರೂ ಕಡೆ ರೀಸ್ಟಾರ್ಟ್ ದ ಸರ್ವಿಸ್ ಹಾಕಿರಬೇಕು. ಹಾಕದಿದ್ದರೆ ಅದು ಏನೂ ಮಾಡುವುದಿಲ್ಲ.

ಒಂದು ಮುಗಿಯುವ ಮುಂಚೆ ಇನ್ನೊಂದು

ಆಟೋರೀಸೆಟ್ ಟ್ರೂ ಇದ್ದು ಕೆಲಸ ಇಂಟರ್ವಲ್‌ಗಿಂತ ಜಾಸ್ತಿ ಹೊತ್ತು ಹಿಡಿದರೆ, ಎರಡನೇ ಟಿಕ್ ಬೇರೆ ಥ್ರೆಡ್‌ನಲ್ಲಿ ಒಳಗೆ ಬರುತ್ತದೆ. ಲಾಗ್‌ನಲ್ಲಿ "ಶುರು, ಶುರು, ಮುಗಿತು, ಮುಗಿತು" ಅಂತ ಕಂಡರೆ ಇದೇ. ಒಂದೇ ಕಾಮ್ ಪೋರ್ಟನ್ನು (ಸೀರಿಯಲ್ ಪೋರ್ಟಿಗೆ ವಿಂಡೋಸ್ ಇಟ್ಟ ಹೆಸರು) ಇಬ್ಬರು ತೆರೆಯಲು ಆಗುವುದಿಲ್ಲ, ಎರಡನೆಯವನಿಗೆ ಆಕ್ಸೆಸ್ ಡಿನೈಡ್ ಬರುತ್ತದೆ. ಡೇಟಾಬೇಸ್ ಆದರೆ ಒಂದೇ ರೆಕಾರ್ಡ್ ಎರಡು ಸಲ ಬೀಳಬಹುದು.

ಆಟೋರೀಸೆಟ್ ಫಾಲ್ಸ್ ಮಾಡಿ ಫೈನಲಿಯಲ್ಲಿ ಸ್ಟಾರ್ಟ್ ಮಾಡುವುದು ಸರಳ ದಾರಿ. ಆದರೆ ಟೈಮ್ ನಿಧಾನಕ್ಕೆ ಜಾರುತ್ತದೆ, ಮೇಲಿನ ಲಾಗ್‌ನಲ್ಲೇ ನೋಡಿ, 21:30:41 ಆಮೇಲೆ 21:35:43. ದಿನಕ್ಕೆ 288 ರೀಡಿಂಗ್ ಬರಬೇಕಾದ ಜಾಗದಲ್ಲಿ 286 ಬರುತ್ತವೆ. ಟೆಂಪರೇಚರ್‌ಗೆ ಇದು ಲೆಕ್ಕಕ್ಕಿಲ್ಲ. ಸರಿಯಾಗಿ ಅದೇ ನಿಮಿಷಕ್ಕೆ ಬೇಕು ಅಂದರೆ ಡಾಟ್‌ನೆಟ್ 6ರಲ್ಲಿ ಬಂದ ಪಿರಿಯಾಡಿಕ್ ಟೈಮರ್ ಬಳಸಿ. ಲೂಪ್ ಒಳಗೆ ಅವೇಟ್ ಮಾಡುವುದರಿಂದ ಒಂದರ ಮೇಲೊಂದು ಬೀಳುವುದಿಲ್ಲ, ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಇದನ್ನೇ.

ಕೈಯಿಂದ ಓಡಿಸಿದರೆ ಸರಿ, ಸರ್ವಿಸ್ ಆಗಿ ಓಡಿಸಿದರೆ ಇಲ್ಲ

ಇಲ್ಲಿ ಟೈಮರ್ ತಪ್ಪು ಇರುವುದಿಲ್ಲ, ಅಕೌಂಟ್ ಬೇರೆ ಇರುತ್ತದೆ. ನೀವು ಲಾಗಿನ್ ಆಗಿ ಓಡಿಸಿದಾಗ ನಿಮ್ಮ ಅಕೌಂಟ್, ಸರ್ವಿಸ್ ಆದಾಗ ಬಹಳ ಕಡೆ ಲೋಕಲ್ ಸಿಸ್ಟಮ್ ಅನ್ನುವ ವಿಂಡೋಸಿನದೇ ಅಕೌಂಟ್. ನೀವು ಮ್ಯಾಪ್ ಮಾಡಿದ ಜೆಡ್ ಡ್ರೈವ್ ಅದಕ್ಕೆ ಕಾಣುವುದಿಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ಪಾತ್ ಕೊಡಬೇಕು, ಆ ಫೋಲ್ಡರಿಗೆ ಪರ್ಮಿಷನ್ ಇರುವ ಅಕೌಂಟ್ ಕೊಡಬೇಕು.

ತಾರೀಖಿನದು ಇನ್ನೂ ಕಷ್ಟ. ನಿಮ್ಮ ಅಕೌಂಟಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಇರುತ್ತದೆ. ಲೋಕಲ್ ಸಿಸ್ಟಮ್ ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು ಇರಬಹುದು. ಆಗ 12/03 ಅನ್ನೋದನ್ನು ಅದು ಡಿಸೆಂಬರ್ 3 ಅಂತ ಓದುತ್ತದೆ, ಎರರ್ ಬರುವುದಿಲ್ಲ. ಮರುದಿನ 13/03 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಎಕ್ಸೆಪ್ಶನ್. ಪ್ರತಿ ತಿಂಗಳು 13ರಿಂದ ಸರ್ವಿಸ್ ಕೆಡುತ್ತದೆ, 1ನೇ ತಾರೀಖು ತಾನೇ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಗಬೇಡಿ, ಸೀದಾ ತಾರೀಖು ಓದುವ ಸಾಲಿಗೆ ಹೋಗಿ. ಯಾವ ಫಾರ್ಮ್ಯಾಟ್ ಅಂತ ಕೋಡಿನಲ್ಲೇ ಸ್ಪಷ್ಟವಾಗಿ ಬರೆಯಿರಿ. ರಾತ್ರಿ 12ಕ್ಕೆ ಬದಲಾಗಬೇಕಾದ ದಿನ ಬೆಳಗ್ಗೆ 5:30ಕ್ಕೆ ಬದಲಾಗುತ್ತಿದ್ದರೆ ಎಲ್ಲೋ ಯುಟಿಸಿ ಟೈಮ್ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬಳಸಿದ್ದೀರಿ.

ಸರ್ವಿಸಿನ ಅಕೌಂಟಿನಲ್ಲೇ ಕೂತು ನೋಡಬೇಕು ಅಂದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಪಿಎಸ್‌ಎಕ್ಸೆಕ್ ಅಂತ ಒಂದಿದೆ. ಅದರಿಂದ ಲೋಕಲ್ ಸಿಸ್ಟಮ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಅದೇ ಕೆಲಸ ಮಾಡಿ ನೋಡಿ. ಎಷ್ಟೋ ಸಲ ಐದೇ ನಿಮಿಷದಲ್ಲಿ ಕಾರಣ ಕಣ್ಣೆದುರು ಬರುತ್ತದೆ.

ಕಂಪ್ಯೂಟರ್ ಕಡೆಯೂ ನೋಡಿ

ಸ್ಲೀಪ್‌ಗೆ ಹೋದರೆ ಟೈಮರ್ ಕೂಡ ಮಲಗುತ್ತದೆ, ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಮಾಡಿ. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ಇದ್ದರೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಬಂದ್ ಮಾಡಿ. ಕಸ ಹೊಡೆಯುವಾಗ ಆ ಕೇಬಲ್ ಕಿತ್ತು ಬೇರೆ ತೂತಿಗೆ ಹಾಕಿದರೆ ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು. ಕೇಬಲ್ ಹಾಕುವ ಜಾಗಕ್ಕೆ ಒಂದು ಕೆಂಪು ಟೇಪ್ ಅಂಟಿಸಿ.

ವಿಂಡೋಸ್ 10 ಮತ್ತು 11ರ ಫಾಸ್ಟ್ ಸ್ಟಾರ್ಟಪ್ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ಸೆಷನ್ 0 ಪೂರ್ತಿ ಮುಚ್ಚುವುದಿಲ್ಲ, ಹೈಬರ್ನೇಟ್ ಆಗುತ್ತದೆ. ಬೆಳಗ್ಗೆ ಆನ್ ಮಾಡಿದಾಗ ನಿಮ್ಮ ಸರ್ವಿಸ್ ಹೊಸದಾಗಿ ಶುರುವಾಗುವುದಿಲ್ಲ, ರಾತ್ರಿ ಎಲ್ಲಿತ್ತೋ ಅಲ್ಲಿಂದ ಮುಂದುವರಿಯುತ್ತದೆ. "ಆಫ್ ಮಾಡಿ ಆನ್ ಮಾಡೇವ್ರೀ ಸರ, ಆದ್ರೂ ಹಂಗೇ ಅದ" ಅಂತ ಅವರು ಹೇಳುವುದು ನಿಜವೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಹೊಸದಾಗಿ ಶುರು. ಇಂಥ ಕಂಪ್ಯೂಟರುಗಳಲ್ಲಿ ನಾನು ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿಯೇ ಬರುತ್ತೇನೆ.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ಬಳಸುವವರಿಗೂ ಇದೇ ರೋಗ ಬರುತ್ತದೆ. ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವ) ಥರದ ಸರ್ವಿಸಿಗೆ ಶುರುವಿನ ಟೈಮ್‌ಔಟ್ ತಾನಾಗಿ ಇರುವುದಿಲ್ಲ, ಅದು ಒಳಗೆ ಸಿಕ್ಕಿಕೊಂಡರೆ ಆಕ್ಟಿವೇಟಿಂಗ್ ಅಂತಲೇ ಉಳಿಯುತ್ತದೆ, ಟೈಮರ್ ಮತ್ತೆ ಓಡಿಸುವುದಿಲ್ಲ. ಟೈಮ್‌ಔಟ್ ನೀವೇ ಹಾಕಬೇಕು. ಲಿಸ್ಟ್ ಟೈಮರ್ಸ್ ಕಮಾಂಡ್ ಕೊಟ್ಟರೆ ಕೊನೆಯ ಸಲ ಯಾವಾಗ ಓಡಿತು, ಮುಂದೆ ಯಾವಾಗ ಅಂತ ತೋರಿಸುತ್ತದೆ.

ಕೊನೆಯದು: ಹೊರಗಿನಿಂದ ಒಂದು ಕಣ್ಣು, ಆಮೇಲೆ ಕೇಬಲ್ ಕಿತ್ತು ನೋಡಿ

ಸರ್ವಿಸ್ ಸರಿ ಇದೆಯಾ ಅಂತ ಅದೇ ಸರ್ವಿಸ್ ಹೇಳಲು ಆಗುವುದಿಲ್ಲ. ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬೇರೆಯಾಗಿ ಇಡಿ. ಅದರ ಕೆಲಸ ಒಂದೇ, ಡೇಟಾಬೇಸ್‌ನ ಕೊನೆ ಸಾಲು ಎಷ್ಟು ಹಳೆಯದು ಅಂತ ನೋಡೋದು. 15 ನಿಮಿಷ ದಾಟಿದ್ದರೆ ಮೆಸೇಜ್ ಕಳಿಸೋದು. ಲ್ಯಾಪ್‌ಟಾಪ್ ಆದರೆ ಆ ಟಾಸ್ಕಿನ ಕಂಡೀಷನ್ಸ್ ಟ್ಯಾಬ್‌ನಲ್ಲಿ ಎಸಿ ಪವರ್ ಇದ್ದರೆ ಮಾತ್ರ ಓಡಿಸು ಅನ್ನುವ ಟಿಕ್ ಗುರುತು ತೆಗೆಯಿರಿ, ಇಲ್ಲದಿದ್ದರೆ ಕರೆಂಟ್ ಹೋದಾಗಲೇ ಅದು ಓಡುವುದಿಲ್ಲ. ಕಂಪ್ಯೂಟರೇ ಆಫ್ ಆದರೆ ಏನು ಅನ್ನುವವರು ಈ ಪ್ರೋಗ್ರಾಮನ್ನು ಬೇರೆ ಜಾಗದ ಸರ್ವರಿನಲ್ಲಿ ಇಡಬೇಕು. ನಾನು ಈಗ ಎರಡೂ ಇಟ್ಟಿದ್ದೇನೆ.

ಇಷ್ಟಾದ ಮೇಲೆ ಸೂಪರ್‌ವೈಸರ್ ಎದುರೇ ಪರೀಕ್ಷೆ ಮಾಡಿದೆವು. ಮೊದಲು ಕಂಟ್ರೋಲರಿನ ಕೇಬಲ್ ಕಿತ್ತೆವು. ಮೂರು ಸಾಲು "ಉತ್ತರ ಇಲ್ಲ" ಬಿದ್ದವು, ಯಜಮಾನರ ಫೋನ್‌ಗೆ ಮೆಸೇಜ್ ಹೋಯಿತು, ಕೇಬಲ್ ವಾಪಸ್ ಹಾಕಿದ ಮೇಲೆ ಮುಂದಿನ ಟಿಕ್‌ಗೆ ರೀಡಿಂಗ್ ಬಂತು, ಯಾರೂ ರೀಸ್ಟಾರ್ಟ್ ಮಾಡಲಿಲ್ಲ. ಆಮೇಲೆ ಸರ್ವಿಸನ್ನೇ ಸ್ಟಾಪ್ ಮಾಡಿ ಚಹಾ ಕುಡಿಯುತ್ತಾ ಕೂತೆವು. 15 ನಿಮಿಷ ದಾಟಿ ಸ್ವಲ್ಪ ಹೊತ್ತಿಗೆ ಹೊರಗಿನ ಕಣ್ಣು ಮೆಸೇಜ್ ಕಳಿಸಿತು. ಯಜಮಾನರು ಫೋನ್ ಮಾಡಿ "ಏನ್ ಆತೋ ತಮ್ಮಾ?" ಅಂದರು, ವಿಷಯ ಹೇಳಿದೆ. ಈಗ ಜನರೇಟರ್ ರೂಮಿನ ಆ ನೋಟ್‌ಬುಕ್‌ನಲ್ಲಿ ಪ್ರತಿ ತಿಂಗಳ 1ನೇ ತಾರೀಖಿಗೆ ಒಂದು ಸಾಲು ಇರುತ್ತದೆ: ಕೇಬಲ್ ಕಿತ್ತ ಟೈಮ್, ಮೆಸೇಜ್ ಬಂದ ಟೈಮ್.